ನಂದೇನೂ ತೊಂದ್ರೆ ಇಲ್ವಂತೆ

ನಾನು ಗಂಡಸರ ಆಪರೇಷನ್ ಮಾಡಿಸಿಕೊಂಡಿದ್ದೆ. ಮಕ್ಕಳಾಗದ ಹಾಗೆ ಮಾಡುತ್ತಾರಲ್ಲ, ಅದು. ಅದನ್ನು ಮುಚ್ಚಿಟ್ಟು, ಮಗು ಬೇಕೆಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದ ಹೆಣ್ಣನ್ನು ಮದುವೆಯಾದೆ. ಹತ್ತು ವರ್ಷಕ್ಕೂ ಮಿಕ್ಕಿ ಅವಳ ಕೈಯಡುಗೆ ಉಂಡು, ಪ್ರತಿ ತಿಂಗಳೂ ಅವಳು ಬಚ್ಚಲಿನಿಂದ ಮುಖ ಸಣ್ಣ ಮಾಡಿಕೊಂಡು ಹೊರಗೆ ಬರುವುದನ್ನು ನೋಡಿ — ಸುಮ್ಮನಿದ್ದೆ. ವಿಷಯ ಇಷ್ಟೇ. ಇಷ್ಟು ಬರೆದು ನಿಲ್ಲಿಸಿಬಿಡಬಹುದಿತ್ತು. ಆದರೆ ನಾನು ಸುಮ್ಮನಿದ್ದದ್ದರಿಂದ ಅವಳಿಗೆ ಏನಾಯಿತು ಅನ್ನುವುದನ್ನೂ ಹೇಳಬೇಕಲ್ಲ.

ನನ್ನ ಹೆಸರು ತಿಪ್ಪೇಶ. ಹೊಸದುರ್ಗದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ನನ್ನ ಬಾಯಿ ಜೋರು ಅಂತ ಸುತ್ತಲ ಹಳ್ಳಿಯವರಿಗೆಲ್ಲ ಗೊತ್ತು. ಕರೆಂಟು ಸರಿಯಿಲ್ಲದಾಗ ಓಡಿಸಿ ಸುಟ್ಟುಕೊಂಡು ಬಂದು, “ನಾನೇನೂ ಮಾಡಿಲ್ಲಣ್ಣ, ತಾನಾಗೇ ನಿಂತೋತು” ಅನ್ನುವವರಿಗೆ, “ಲೇ, ಸುಳ್ಳು ಹೇಳಬ್ಯಾಡ, ವಾಸನೇನೇ ಹೇಳ್ತೈತೆ” ಎಂದು ಬೈಯುತ್ತೇನೆ. ಎಂಥ ಸತ್ಯವಂತ ನೋಡಿ!

ಅಂಗಡಿ ಹಾಕುವುದಕ್ಕೆ ಮುಂಚೆ ಬೋರ್ ಕೊರೆಯುವ ಲಾರಿಯಲ್ಲಿದ್ದೆ. ತಿಂಗಳುಗಟ್ಟಲೆ ಆಂಧ್ರದ ಕಡೆ ಇರುತ್ತಿದ್ದೆ. ಅಲ್ಲಿ ಹಚ್ಚಿಕೊಂಡು ಬಂದದ್ದನ್ನು ನನ್ನ ಮೊದಲ ಹೆಂಡತಿ ಗಂಗಾಗೂ ಕೊಟ್ಟೆ. ಬಸುರಿಯರಿಗೆಲ್ಲ ಈಗಿನ ಹಾಗೆ ಆಗ ಆ ರಕ್ತಪರೀಕ್ಷೆ ಇರಲಿಲ್ಲ. ನನಗೆ, ಅವಳಿಗೆ, ಹುಟ್ಟಿದ ಗಂಡುಮಗುವಿಗೆ, ಮೂವರಿಗೂ ಎಚ್‌ಐವಿ ಇದೆ ಎಂದು ತಿಳಿದದ್ದು ಮಗುವಿನ ಭೇದಿ ಯಾವ ಔಷಧಿಗೂ ನಿಲ್ಲದಿದ್ದಾಗ. ಮಗು ಉಳಿಯಲಿಲ್ಲ. ಮತ್ತೋಡಿನ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಟವೆಲಿನಲ್ಲಿ ಸುತ್ತಿ ನಾನೇ ಎತ್ತಿಕೊಂಡು ಹೋದೆ. ಕೈಯಲ್ಲಿ ಭಾರವೇ ಇರಲಿಲ್ಲ.

“ಇನ್ನೊಂದನ್ನ ಹಿಂಗೆ ಮಣ್ಣಿಗೆ ಹಾಕಾಕೆ ನನ್ ಕೈಲಾಗಲ್ಲ” ಅಂದಳು ಗಂಗಾ. ಅವಳಿಗೇ ಆಪರೇಷನ್ ಮಾಡಿಸೋಣವೆಂದರೆ ಮೈಯಲ್ಲಿ ರಕ್ತವೇ ಇರಲಿಲ್ಲ. ನಾನು ಆಗ ಆದಿವಾಲದ ಕಡೆ ಬೋರ್ ಕೆಲಸದಲ್ಲಿದ್ದೆ, ಹಿರಿಯೂರಿನಲ್ಲಿ ಕ್ಯಾಂಪ್ ಇಟ್ಟಿದ್ದರು. ಹೋಗಿ ಮಾಡಿಸಿಕೊಂಡೆ. ಹೊಲಿಗೆಯಿಲ್ಲ, ಗುರುತೂ ಉಳಿಯುವುದಿಲ್ಲ. ನಮ್ಮ ಕಡೆ ಹೆಂಗಸರು ಸಾಲಾಗಿ ಹೋಗಿ ಮಾಡಿಸಿಕೊಂಡು ಬಂದರೆ ಯಾರೂ ತಿರುಗಿ ನೋಡುವುದಿಲ್ಲ, ಗಂಡಸು ಮಾಡಿಸಿಕೊಂಡ ಅಂದರೆ ಟೀ ಅಂಗಡಿಯಲ್ಲಿ ಕಿಸಕ್ಕನೆ ನಗುತ್ತಾರೆ. ಅದಕ್ಕೇ ಗಂಗಾಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಆ ಆಪರೇಷನ್ನನ್ನು ನಾನು ಇವತ್ತಿಗೂ ತಪ್ಪು ಅನ್ನುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೂತು, ಅತ್ತು, ಒಪ್ಪಿ ಮಾಡಿದ ಕೆಲಸ ಅದು. ಸ್ವಲ್ಪ ಕಾಲಕ್ಕೆ ಗಂಗಾಳೂ ಟಿಬಿಯಲ್ಲಿ ಹೋದಳು. ನಮ್ಮ ಆ ಒಪ್ಪಂದ ನನ್ನೊಬ್ಬನ ಹತ್ತಿರ ಉಳಿಯಿತು.

ಆಮೇಲೆ ಮಾತ್ರೆಗಳು ಬಂದವು, ನಾನು ಬದುಕಿದೆ. ಮೈ ತುಂಬಿಕೊಂಡಿತು, ಅಂಗಡಿ ನಿಂತಿತು. ಆದರೆ ಮನೆಗೆ ಹೋಗಿ ಬೀಗ ತೆಗೆದರೆ — ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು.

ನಮ್ಮಂಥವರು ನಮ್ಮಂಥವರನ್ನೇ ಮದುವೆಯಾಗಲಿ ಎಂದು ನಮ್ಮ ಸಂಘದವರು ಚಿತ್ರದುರ್ಗದಲ್ಲಿ ಒಂದು ಸಭೆ ಕರೆಯುತ್ತಾರೆ. ನೀವು ನೋಡಿರಲಿಕ್ಕಿಲ್ಲ. ಜಾತಕ ಕೇಳುವ ಜಾಗದಲ್ಲಿ ಸಿಡಿ ಫೋರ್, ಅಂದರೆ ರೋಗ ತಡೆಯುವ ರಕ್ತಕಣ, ಎಷ್ಟು ಅಂತ ಕೇಳುತ್ತಾರೆ. ಒಬ್ಬೊಬ್ಬರೂ ಎದ್ದು ನಿಂತು ತಮ್ಮದೆಲ್ಲ ಹೇಳಬೇಕು: ರೋಗ ಹೇಗೆ ಬಂತು, ಮಾತ್ರೆ ತಪ್ಪಿಸುತ್ತಾರಾ, ಮಕ್ಕಳಿದ್ದಾರಾ, ಕುಡಿತ ಇದೆಯಾ. ಹೊರಗೆ ಎಲ್ಲವನ್ನೂ ಬಚ್ಚಿಟ್ಟುಕೊಂಡು ಬದುಕುವವರು ನಾವು. ಆ ಒಂದು ಹಾಲ್‌ನಲ್ಲಿ ಮಾತ್ರ ಯಾರೂ ಏನನ್ನೂ ಬಚ್ಚಿಡಬಾರದು. ಅದೇ ಅಲ್ಲಿಯ ನೇಮ. ನಾನೂ ಎದ್ದು ನಿಂತೆ. ಲಾರಿಯ ಕಥೆ ಹೇಳಿದೆ, ಆಂಧ್ರದ ಕಥೆ ಹೇಳಿದೆ, ಗಂಗಾ, ಮಗು, ಎಲ್ಲ ಹೇಳಿದೆ. ಜನ ಕಣ್ಣೊರೆಸಿಕೊಂಡರು. ಹಿರಿಯೂರಿನ ಕ್ಯಾಂಪಿನ ಮಾತು ನಾಲಿಗೆಯ ತುದಿಗೆ ಬಂತು — ಗಂಡಸರು ನಗುತ್ತಾರೆ ಅನ್ನಿಸಿತು — ಕೂತುಬಿಟ್ಟೆ.

ಆಮೇಲೆ ಹೆಂಗಸರ ಸಾಲಿನಿಂದ ರತ್ನಮ್ಮ ಎದ್ದಳು. ಹೊಳಲ್ಕೆರೆ ತಾಲೂಕಿನ ರಾಮಗಿರಿಯವಳು. ಮೊದಲ ಗಂಡ ರೋಗ ಕೊಟ್ಟು ಸತ್ತಿದ್ದ, ಅಣ್ಣನ ಮನೆಯಲ್ಲಿದ್ದಳು, ಮೂವತ್ತರ ಆಸುಪಾಸು ವಯಸ್ಸು. ಸೆರಗು ಬಿಗಿಹಿಡಿದುಕೊಂಡು ಹೇಳಿದಳು: “ನಂಗೆ ಒಂದು ಮಗು ಬೇಕು. ಮಾತ್ರೆ ಸರಿಯಾಗಿ ತಗಂಡ್ರೆ ಮಗಿಗೆ ರೋಗ ಬರಾದಿಲ್ಲ ಅಂತ ಡಾಕ್ಟ್ರೇ ಹೇಳ್ಯಾರೆ. ಇದುಕ್ಕೆ ಒಪ್ಪೋರು ಇದ್ರೆ ಮಾತ್ರ ಮುಂದೆ ಮಾತಾಡ್ರಿ. ಇಲ್ಲಾಂದ್ರೆ ಬ್ಯಾಡ.” ಅಲ್ಲಿದ್ದ ಗಂಡಸರಲ್ಲಿ ಅರ್ಧಕ್ಕರ್ಧ ನೆಲ ನೋಡಿದರು. ನಾನು ಎದ್ದು, “ನಾನು ಒಪ್ತೀನಿ” ಅಂದೆ.

ಯಾಕೆ ಅಂದೆ? ಅವಳು ನನಗೆ ಬೇಕಾಗಿದ್ದಳು. ಆ ಧೈರ್ಯ, ಆ ದನಿ, ಸೆರಗು ಹಿಡಿದ ಆ ಕೈ, ಎಲ್ಲ ಬೇಕಾಗಿತ್ತು. ಇನ್ನೊಂದೂ ಇದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಈ ರೋಗ ಇಟ್ಟುಕೊಂಡು ಇವಳಿಗೆ ಮಗು ಯಾತಕ್ಕೆ ಅನ್ನುವ ಯೋಚನೆ ನನ್ನೊಳಗೆ ಇತ್ತು. ಗಂಡ, ಮನೆ, ಎರಡು ಹೊತ್ತು ಊಟ ಸಿಕ್ಕರೆ ಒಂದೆರಡು ವರ್ಷಕ್ಕೆ ಮರೆಯುತ್ತಾಳೆ ಅಂದುಕೊಂಡೆ. ಊರವರು ನಮ್ಮ ಬಗ್ಗೆ ಹಾಗೆ ಮಾತಾಡಿದರೆ ಮೈಯೆಲ್ಲ ಉರಿಯುತ್ತಿತ್ತು ನನಗೆ. ಅದೇ ಮಾತನ್ನು ನಾನು ಮನಸ್ಸಿನೊಳಗೇ ಆಡಿ, ಅವಳ ಕೊರಳಿಗೆ ತಾಳಿ ಕಟ್ಟಿದೆ.

ಚೆನ್ನಾಗಿಯೇ ಇದ್ದೆವು, ಸುಳ್ಳು ಯಾಕೆ. ಊಟವಾದ ಮೇಲೆ ನನ್ನ ಮಾತ್ರೆಯನ್ನು ಅವಳು ನನ್ನ ಅಂಗೈಗೆ ಹಾಕುವುದು, ಅವಳದನ್ನು ನಾನು ಅವಳ ಅಂಗೈಗೆ ಹಾಕುವುದು — ಇದು ಮದುವೆಯ ಮೊದಲ ದಿನದಿಂದ ಅವಳೇ ಹಾಕಿಕೊಟ್ಟ ಪದ್ಧತಿ. “ಒಬ್ರು ಮರೆತ್ರೆ ಇನ್ನೊಬ್ರು ನೆನಪು ಮಾಡ್ತೀವಲ್ರೀ” ಅನ್ನುತ್ತಿದ್ದಳು. ಒಂದು ದಿನ ಜಗಳವಾಡಿ ಮಾತು ಬಿಟ್ಟಿದ್ದರೂ ಅಂಗೈ ಮಾತ್ರ ಮುಂದೆ ಚಾಚುತ್ತಿದ್ದಳು, ಮುಖ ಆ ಕಡೆ ತಿರುಗಿಸಿಕೊಂಡು.

ನಮ್ಮಂಥವರಿಗೆ ತಿಳಿಹೇಳಲು ಆಸ್ಪತ್ರೆಯಲ್ಲಿರುವ ಕೌನ್ಸೆಲರ್ ಮೇಡಂ ಮೊದಲೇ ಬಿಡಿಸಿ ಹೇಳಿದ್ದರು. ಇಬ್ಬರ ವೈರಲ್ ಲೋಡೂ, ಅಂದರೆ ರಕ್ತದಲ್ಲಿರುವ ವೈರಸ್ಸಿನ ಲೆಕ್ಕ, ಕೆಳಗೆ ಇಳಿಯುವ ತನಕ ನಿರೋಧ್ ಬಳಸಿ, ಮಗು ಬೇಕೆಂದಾಗ ಬಂದು ಕೇಳಿ, ಬೇಡವೆಂದರೆ ಕಾಪರ್-ಟಿ ಇದೆ, ಮಾತ್ರೆ ಇದೆ, ಆಪರೇಷನ್ ಇದೆ, “ನಿಮ್ಮ ಇಷ್ಟ, ಇಬ್ಬರೂ ಮಾತಾಡಿಕೊಂಡು ತೀರ್ಮಾನ ಮಾಡ್ರಿ” ಅಂದಿದ್ದರು. ಇಬ್ಬರೂ ಮಾತಾಡಿಕೊಂಡು! ನಾನು ತಲೆ ಅಲ್ಲಾಡಿಸಿದೆ. ನಿರೋಧ್ ಡಬ್ಬಿ ತಪ್ಪದೆ ತರುತ್ತಿದ್ದೆ. ಬೇಕಾಗಿಯೇ ಇರಲಿಲ್ಲ ಅದು ಮಕ್ಕಳಾಗದಿರುವುದಕ್ಕೆ. ಆದರೂ ಎಷ್ಟು ಜಾಗ್ರತೆಯ ಗಂಡ ಅನ್ನಿಸಿಕೊಳ್ಳಬೇಕಲ್ಲ. ಪರೀಕ್ಷೆ ಚೆನ್ನಾಗಿ ಬಂದ ದಿನ ಅವಳು ಆ ಡಬ್ಬಿಯನ್ನು ಅಟ್ಟದ ಮೇಲೆ ಎಸೆದು, “ಇನ್ನು ಸಾಕು” ಎಂದು ನಕ್ಕಳು. ಆ ನಗು ನೋಡಿಯಾದರೂ ಹೇಳಬೇಕಿತ್ತು. ಹೇಳಲಿಲ್ಲ.

ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಅವಳು ಚಿತ್ರದುರ್ಗದಲ್ಲಿ ಡಾಕ್ಟರಮ್ಮನಿಗೆ ತೋರಿಸಿಕೊಂಡಳು. ಸ್ಕ್ಯಾನು, ಬಣ್ಣ ಬಿಟ್ಟು ನೋಡುವ ಆ ನೋವಿನ ಪರೀಕ್ಷೆ, ಎಲ್ಲ ಮಾಡಿಸಿಕೊಂಡಳು. ಎಲ್ಲ ಸರಿಯಿದೆ ಅಂದರು. “ಗಂಡನದೂ ಒಂದು ಪರೀಕ್ಷೆ ಆಗಲಿ” ಅಂದರು. ನಾನು ಒಬ್ಬನೇ ಹೋಗಿ ಬರುತ್ತೇನೆಂದು ಹೊರಟೆ. ಲ್ಯಾಬಿನ ಎದುರಿನ ಹೋಟೆಲಿನಲ್ಲಿ ಕೂತು ಟೀ ಕುಡಿದೆ. ಪೇಪರ್ ಓದಿದೆ. ಮತ್ತೆ ಟೀ ಕುಡಿದೆ. ಹೊಸದುರ್ಗದ ಬಸ್ಸು ಹತ್ತಿ ಮನೆಗೆ ಬಂದು ಚಪ್ಪಲಿ ಬಿಡುತ್ತ ಬಿಡುತ್ತಲೇ ಹೇಳಿದೆ: “ಡಾಕ್ಟ್ರಿಗೂ ತೋರಿಸಿ ಬಂದೆ. ನಂದೇನೂ ತೊಂದ್ರೆ ಇಲ್ವಂತೆ.”

ಅವಳು ಏನು ಮಾಡಿದಳು ಗೊತ್ತಾ? ಸಂತೋಷಪಟ್ಟಳು. “ಸದ್ಯ, ನಿಮ್ದು ಸರಿ ಐತಲ್ಲ. ಗಂಡಸರ ಕಡೆ ಕೊರತೆ ಅಂದ್ರೆ ಬಾಳ ಮನಸ್ಸಿಗೆ ಹಚ್ಕಂತಾರೆ” ಅಂದು ಕುಡಿಯಲು ಮಜ್ಜಿಗೆ ಕೊಟ್ಟಳು. ಥೂ ನನ್ನ ಜನ್ಮಕ್ಕೆ! ಆ ಮಜ್ಜಿಗೆ ಗಂಟಲಲ್ಲಿ ಇಳಿಯಿತಲ್ಲ.

ಅವತ್ತಿನಿಂದ ತಪ್ಪೆಲ್ಲ ಅವಳದಾಯಿತು. ರಾಮಗಿರಿಗೆ ಹೋದಾಗ ಅವಳ ಅತ್ತಿಗೆ ಮಡಿಲು ತುಂಬುತ್ತಿದ್ದರು: ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ. ಒಳ್ಳೆಯ ಹೆಂಗಸು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, “ಆ ಮಾತ್ರೆ ಬಾಳ ಉಷ್ಣ ಕಣವ್ವ, ಗರ್ಭ ಸುಟ್ಟಾಕಿರ್ತವೆ” ಅಂದಿದ್ದರು ಒಂದು ಸಲ. ರತ್ನಾ ಮನೆಗೆ ಬಂದು ನನ್ನನ್ನು ಕೇಳಿದಳು: “ಸುಟ್ಟ ಮೋಟ್ರಿಗೆ ನೀವು ಹೊಸ ತಂತಿ ಸುತ್ತುತೀರಿ. ನನ್ನ ಹೊಟ್ಟೇನೂ ಸುಟ್ಟೋಗೈತೇನ್ರೀ?” ನಾನು ಬಾಯಿ ಜೋರು ಮಾಡಿದೆ. ಹುಚ್ಚುಚ್ಚಾಗಿ ಮಾತಾಡಬೇಡ, ಓದಿದವರ ಮಾತು ಕೇಳು, ಅತ್ತಿಗೆಯ ಮಾತು ಕೇಳಬೇಡ ಎಂದು ರೇಗಿದೆ. ಅವಳು ಸುಮ್ಮನಾದಳು. ನನಗೆ ಅಷ್ಟೇ ಬೇಕಿತ್ತು.

ಅವಳು ಸೊರಗತೊಡಗಿದ್ದು ಮೂರು ವರ್ಷದ ಕೆಳಗೆ. ಕುಬಸ ಸಡಿಲವಾಯಿತು. ಸಂಜೆಯಾದರೆ ಜ್ವರ, ಕೆಮ್ಮು. ವೈರಲ್ ಲೋಡ್ ಏರಿತ್ತು. ಕೌನ್ಸೆಲರ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, “ಮಾತ್ರೆ ತಪ್ಪಿಸ್ತಿದಾರಾ?” ಎಂದು ಕೇಳಿದರು. “ಏನ್ ಮೇಡಂ, ದಿನಾ ನನ್ ಕೈಯಾರೆ ಕೊಡ್ತೀನಿ” ಎಂದು ಅವರ ಮೇಲೇ ಸಿಡುಕಿದೆ. ನಾನು ಕೊಡುತ್ತಿದ್ದದ್ದು ನಿಜ. ಅವಳು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದೂ ನಿಜ.

ಒಂದು ಮಧ್ಯಾಹ್ನ ಊಟಕ್ಕೆ ನೆಂಚಿಕೊಳ್ಳಲು ಸಂಡಿಗೆ ಕರಿಯೋಣವೆಂದು ನಾನೇ ಡಬ್ಬಿ ತೆಗೆದೆ. ಅವಳು ಜ್ವರ ಬಂದು ಮಲಗಿದ್ದಳು. ಸಂಡಿಗೆಯ ಕೆಳಗೆ ಬಟ್ಟೆಯ ಗಂಟು. ಬಿಚ್ಚಿದರೆ — ಬಿಳಿ ಮಾತ್ರೆಗಳು. ನಾಲಿಗೆಯ ಕೆಳಗೆ ಇಟ್ಟುಕೊಂಡು, ಆಮೇಲೆ ತೆಗೆದು, ಒಣಗಿಸಿ ಇಟ್ಟಿದ್ದಳು. ಕೆಲವು ಕರಗಿ ಅರ್ಧವಾಗಿದ್ದವು. ಎಬ್ಬಿಸಿ ಕೇಳಿದೆ. ಅವಳು ಅಳಲಿಲ್ಲ, ಹೆದರಲೂ ಇಲ್ಲ.

“ಎಸೆಯಾಕೆ ಮನಸ್ಸು ಬರ್ಲಿಲ್ಲ. ಈ ಮಾತ್ರೆ ಸಿಗದೇ ಎಷ್ಟು ಜನ ಸತ್ರು, ಗಂಗಕ್ಕನೂ ಸತ್ಲು” ಅಂದಳು. ಆಮೇಲೆ, ಲೆಕ್ಕದ ಮೇಷ್ಟರು ಹಲಗೆಯ ಮೇಲೆ ಬರೆದು ತೋರಿಸುವ ಹಾಗೆ, ನಿಧಾನವಾಗಿ ಹೇಳಿದಳು: “ನಿಮ್ದು ಸರಿ ಐತೆ. ನಂದೂ ಸರಿ ಐತೆ ಅಂದ್ರು. ಇನ್ನೇನು ಉಳೀತು ಹೇಳ್ರಿ? ಈ ಮಾತ್ರೆ ತಾನೆ? ಒಂದೀಟು ದಿನ ಬಿಟ್ಟು ನೋಡ್ತೀನಿ. ಮಗು ನಿಂತ ಮ್ಯಾಲೆ ತಗಂತೀನಿ. ವಯಸ್ಸು ಹೋಗ್ತೈತಲ್ರೀ.”

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಕೊಟ್ಟ ಅಂಕಿಯೇ ಸುಳ್ಳಾಗಿತ್ತು.

ಆಗಲಾದರೂ ಹೇಳಬೇಕಿತ್ತು. ಇದನ್ನೇ ನಾನು ಯಾರ ಮುಂದೆಯೂ ತಲೆಯೆತ್ತಿ ಹೇಳಲಾರೆ. ಮೊದಲು ಮುಚ್ಚಿಟ್ಟದ್ದಕ್ಕೆ ನಾಚಿಕೆ, ಆಸೆ ಅಂತ ಏನೋ ಒಂದು ಹೇಳಬಹುದು. ಆ ಮಧ್ಯಾಹ್ನಕ್ಕೆ ಯಾವುದೂ ಇಲ್ಲ. ಅವಳು ಸಾಯುವ ದಾರಿಯಲ್ಲಿದ್ದಾಳೆ ಎಂದು ಕಣ್ಣಾರೆ ಕಂಡಿದ್ದೆ, ಅವಳನ್ನು ತಡೆಯುವ ಮಾತು ನನ್ನ ಬಾಯಲ್ಲೇ ಇತ್ತು. ಆದರೆ ಹೇಳಿದರೆ ಬಿಟ್ಟುಹೋಗುತ್ತಾಳೆ — ಅವಳು ಬದುಕಿರುವುದಕ್ಕಿಂತ ನನ್ನ ಜೊತೆ ಇರುವುದೇ ನನಗೆ ಹೆಚ್ಚಾಯಿತು. ಬೈದೆ. ಆಣೆ ಹಾಕಿಸಿಕೊಂಡೆ. ಆ ದಿನದಿಂದ ಅವಳ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡತೊಡಗಿದೆ, ಪೊಲೀಸಿನವನ ಹಾಗೆ. ಅವಳು ನುಂಗುತ್ತಿದ್ದಳು, ಹಿತ್ತಲಿಗೆ ಹೋಗಿ ಬೆರಳು ಹಾಕಿ ಕಕ್ಕುತ್ತಿದ್ದಳು. ಅದನ್ನೂ ಒಂದು ದಿನ ಕೇಳಿಸಿಕೊಂಡೆ. ಗೋಡೆಯ ಈ ಕಡೆ ನಿಂತುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಚಿತ್ರದುರ್ಗದ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದಳು. ಟಿಬಿ ಮೈಗೆಲ್ಲ ಹರಡಿತ್ತು. ಟಿಬಿ ಔಷಧಿ ತಗೊಳ್ಳುತ್ತಿದ್ದಳು. ಎಚ್‌ಐವಿ ಮಾತ್ರೆ ಬಾಯಿಯ ಹತ್ತಿರ ತಂದರೆ ಮಾತ್ರ ಹಲ್ಲು ಕಚ್ಚುತ್ತಿದ್ದಳು. “ಅದು ಬ್ಯಾಡ. ಅದೇ ನನ್ನ ಬಂಜೆ ಮಾಡಿದ್ದು” ಅನ್ನುತ್ತಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇದನ್ನು ಶುರು ಮಾಡದಿದ್ದರೆ ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು. ಅವಳ ಅಣ್ಣ ವಾರ್ಡಿನ ಬಾಗಿಲಲ್ಲಿ ಕೂತು ಮಗುವಿನ ಹಾಗೆ ಅಳುತ್ತಿದ್ದ. ಆತ ನನ್ನ ಕೈ ಹಿಡಿದು, “ಭಾವ, ನಿಮ್ಮಂಥ ಗಂಡ ಯಾರಿಗೂ ಸಿಗಲ್ಲ, ನೀವೇ ಒಂದು ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾಳೆ” ಅಂದ.

ಹತ್ತಿರ ಹೋಗಿ ಕೂತೆ. ಬೆಳಗಿನ ಹೊತ್ತು, ಕಸ ಗುಡಿಸುವವರು ಆಗತಾನೆ ಹೋಗಿದ್ದರು. ಕೌನ್ಸೆಲರ್ ಮೇಡಂ ಮಾತ್ರೆ ಹಿಡಿದು ಮಂಚದ ಆ ಕಡೆ ನಿಂತಿದ್ದರು. ಹೇಗೆ ಶುರು ಮಾಡಬೇಕೆಂದು ಹೊಸದುರ್ಗದಿಂದ ಬರುವ ಬಸ್ಸಿನಲ್ಲೆಲ್ಲ ಯೋಚಿಸಿದ್ದು ಒಂದೂ ನೆನಪಾಗಲಿಲ್ಲ.

“ರತ್ನಾ, ಮಾತ್ರೇದು ತಪ್ಪಲ್ಲ. ನಂದು. ನಿನ್ನ ಮದುವೆ ಆಗೋಕೆ ಮುಂಚೇನೇ ನಂಗೆ ಆಪರೇಷನ್ ಆಗಿತ್ತು. ಮಕ್ಕಳಾಗದ ಆಪರೇಷನ್. ಲ್ಯಾಬಿಗೆ ನಾನು ಹೋಗ್ಲೇ ಇಲ್ಲ.”

ಅವಳು ನನ್ನನ್ನು ನೋಡಿದಳು. ಅರ್ಥವಾಗಲಿಲ್ಲವೇನೋ ಅಂದುಕೊಂಡು ಮತ್ತೆ ಹೇಳಲು ಹೋದೆ. ಬೇಡವೆಂದು ಕೈ ಅಲ್ಲಾಡಿಸಿದಳು. ಅರ್ಥವಾಗಿತ್ತು. ಕೇಳಿದಳು: “ಗಂಗಕ್ಕನಿಗೆ ಗೊತ್ತಿತ್ತಾ?”

“ಗೊತ್ತಿತ್ತು. ಇಬ್ಬರೂ ಸೇರೇ...”

“ಅವಳನ್ನ ಕೇಳಿ ಮಾಡಿಸ್ಕಂಡ್ರಿ” ಅಂದಳು. ಬೈಗುಳವಲ್ಲ, ತನಗೆ ತಾನೇ ಹೇಳಿಕೊಂಡ ಹಾಗಿತ್ತು. ಆಮೇಲೆ ಇನ್ನೊಂದು ಕೇಳಿದಳು, ಸ್ವಲ್ಪ ತಲೆಯೆತ್ತಿ, ಈಗಲೂ ಏನೋ ಒಂದು ಉಳಿದಿರಬಹುದು ಅನ್ನುವ ಹಾಗೆ: “ಅದನ್ನ ಬಿಚ್ಚಾಕೆ ಬರ್ತಿತ್ತೇನ್ರೀ?”

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಯಾವ ಡಾಕ್ಟರನ್ನೂ ಅದನ್ನು ಕೇಳಿರಲಿಲ್ಲ. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಮೇಡಂ ಕಡೆ ನೋಡಿದೆ. ಅವರು ಸುಳ್ಳು ಹೇಳುವವರಲ್ಲ. “ಮತ್ತೆ ಜೋಡಿಸೋ ಆಪರೇಷನ್ ಇದೆ ರತ್ನಮ್ಮ. ಎಲ್ಲರಿಗೂ ಆಗೋದಿಲ್ಲ. ಬೇಗ ಬಂದಿದ್ರೆ ಪ್ರಯತ್ನ ಮಾಡಬಹುದಿತ್ತು” ಅಂದರು ಮೆಲ್ಲಗೆ.

ರತ್ನಾ ತಲೆಯನ್ನು ದಿಂಬಿಗೆ ಇಳಿಸಿದಳು. ಅಂಗೈ ಚಾಚಿದಳು. ಎಂದಿನ ಅಭ್ಯಾಸ, ನನ್ನ ಕೈ ತಾನಾಗೇ ಮುಂದೆ ಹೋಯಿತು. ಅವಳು ಅಂಗೈಯನ್ನು ಮೇಡಂ ಕಡೆ ತಿರುಗಿಸಿದಳು. ಅವರು ಮಾತ್ರೆ ಇಟ್ಟರು. ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನಾನು ಕೇಳದಿದ್ದರೂ ನನ್ನ ಕಡೆ ತಿರುಗಿ ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸಿದಳು. ನಾನು ಎದ್ದು ಹೊರಗೆ ಬಂದೆ. ಅವಳ ಅಣ್ಣನಿಗೂ ಅಲ್ಲೇ ಹೇಳಿದೆ. ಆತ ಕೈಯೆತ್ತಿದ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಬದುಕಿದಳು. ಆಸ್ಪತ್ರೆಯಿಂದ ಸೀದಾ ರಾಮಗಿರಿಗೆ ಹೋದಳು, ಮನೆಗೆ ಬಂದು ತನ್ನ ಸೀರೆಗಳನ್ನೂ ತೆಗೆದುಕೊಳ್ಳಲಿಲ್ಲ. ಮಾತ್ರೆ ತಪ್ಪಿಸುತ್ತಿಲ್ಲ, ತೂಕ ಬಂದಿದೆ ಎಂದು ಮೇಡಂ ಹೇಳಿದರು, ಅದಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಮಗುವಿನ ವಯಸ್ಸು ಅವಳಿಗೆ ಹೆಚ್ಚೂಕಡಿಮೆ ದಾಟಿತು. ಅದನ್ನು ನಾನು ತಿಂದೆ. ರಾತ್ರಿ ಊಟವಾದ ಮೇಲೆ ನನ್ನ ಮಾತ್ರೆಯನ್ನು ಎಡಗೈಯಿಂದ ಬಲಗೈಗೆ ಹಾಕಿಕೊಂಡು ನುಂಗುತ್ತೇನೆ. ಸಂಡಿಗೆ ಡಬ್ಬಿ ಇದ್ದಲ್ಲೇ ಇದೆ.

ಈ ಸಲವೂ ಚಿತ್ರದುರ್ಗದಲ್ಲಿ ಆ ಸಭೆ ಇದೆ. ಹೊಸಬರ ಮುಂದೆ ಎದ್ದು ನಿಂತು ಇದನ್ನು ಹೇಳುತ್ತೇನೆ ಎಂದು ಮೇಡಂ ಅವರಿಗೆ ಹೇಳಿದೆ. ಗಂಡಸರು ನಗುವುದಾದರೆ ನಗಲಿ. ರತ್ನಾಳ ಹೆಸರು ತರುವುದಿಲ್ಲ, ಒಂದು ಮಾತು ಅವಳನ್ನು ಕೇಳಿಬಿಡಿ ಅಂದೆ. ಕೊನೆಗೂ ಒಂದು ವಿಷಯದಲ್ಲಿ ಅವಳನ್ನು ಕೇಳಿದೆ.

ಉತ್ತರ ಮೇಡಂ ಫೋನಿನಲ್ಲಿ ಹೇಳಿದರು, ಅವಳ ಮಾತಿನಲ್ಲೇ: “ಯಾಕೆ ಹೇಳಬಾರ್ದು? ನನ್ನ ಹೆಸರು ಹೇಳ್ಲಿ, ಊರೂ ಹೇಳ್ಲಿ. ನಂಗೆ ಏನೂ ತೊಂದ್ರೆ ಇರ್ಲಿಲ್ಲ ಅಂತ ಆ ಹಾಲ್‌ನಾಗೇ ಎಲ್ಲರ ಮುಂದೆ ಹೇಳ್ಲಿ.”

ಹೇಳುತ್ತೇನೆ. ಅಲ್ಲಿ ಹೇಳುವುದಕ್ಕೆ ಮುಂಚೆ ಇಲ್ಲಿ ಬರೆಯುತ್ತಿದ್ದೇನೆ. ರಾಮಗಿರಿಯ ರತ್ನಮ್ಮ. ಅವಳಿಗೆ ಏನೂ ತೊಂದರೆ ಇರಲಿಲ್ಲ.